ಬ್ಯಾಂಕಾಕ್‌ನಲ್ಲಿ ಎಲ್ಲಿ ಇಳಿಯಬೇಕು: ಸುವರ್ಣಭೂಮಿಯೋ, ಡಾನ್ ಮುಯಾಂಗೋ?

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣಗಳಿವೆ, ಹಾಗಾಗಿ ಟಿಕೆಟ್ ಬೆಲೆ ನೋಡುವ ಮೊದಲು ನಿಲ್ದಾಣದ ಕೋಡ್ ನೋಡಿ. ಬಿಕೆಕೆ ಅಂದರೆ ಸುವರ್ಣಭೂಮಿ, ಡಿಎಂಕೆ ಅಂದರೆ ಡಾನ್ ಮುಯಾಂಗ್. ಮೊದಲನೆಯದು ನಗರದ ಪೂರ್ವಕ್ಕಿದೆ, ಎರಡನೆಯದು ಉತ್ತರಕ್ಕೆ.

ಡಾನ್ ಮುಯಾಂಗ್ 1914ರಷ್ಟು ಹಳೆಯದು. 2006ರಲ್ಲಿ ಸುವರ್ಣಭೂಮಿ ಶುರುವಾದಾಗ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಆದರೆ ಹೊಸದರ ಮೇಲೆ ಒತ್ತಡ ಜಾಸ್ತಿಯಾಗಿ, ಮರುವರ್ಷವೇ ಹಳೆಯದನ್ನು ಮತ್ತೆ ತೆರೆದರು. ಈಗ ಅದು ಹೆಚ್ಚಾಗಿ ಅಗ್ಗದ ವಿಮಾನಗಳ ನೆಲೆ. ಅದರ ಎರಡು ರನ್‌ವೇಗಳ ನಡುವೆ ಗಾಲ್ಫ್ ಮೈದಾನವಿದೆ, ನಿಜವಾಗಿಯೂ!

ಸುವರ್ಣಭೂಮಿ ಇನ್ನೂ ಬೆಳೆಯುತ್ತಿದೆ. 2023ರಲ್ಲಿ ಸ್ಯಾಟ್-1 ಎಂಬ ಹೆಚ್ಚುವರಿ ಟರ್ಮಿನಲ್ ಕಟ್ಟಡ, 2024ರಲ್ಲಿ ಮೂರನೇ ರನ್‌ವೇ ಬಂದವು. ಸ್ಯಾಟ್-1ರಿಂದ ಮುಖ್ಯ ಟರ್ಮಿನಲ್‌ಗೆ ನೆಲದಡಿಯ ಚಾಲಕರಹಿತ ರೈಲಿದೆ. ದೂರದ ದೇಶಗಳ ವಿಮಾನ ಹಿಡಿಯುವವರಿಗೆ ಇದೇ ಸರಿ.

ನಗರಕ್ಕೆ ಹೋಗಲು ಎರಡೂ ಕಡೆ ರೈಲಿದೆ. ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲ್ ಲಿಂಕ್ ಸುಮಾರು ಅರ್ಧ ಗಂಟೆಯಲ್ಲಿ ನಗರದೊಳಗಿನ ಫಯಾ ಥಾಯ್ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲೇ ಬಿಟಿಎಸ್, ಅಂದರೆ ಮೇಲ್ಸೇತುವೆಯ ಮೇಲೆ ಓಡುವ ನಗರ ರೈಲು, ಸಿಗುತ್ತದೆ. ಡಾನ್ ಮುಯಾಂಗ್‌ನಿಂದ ರೆಡ್ ಲೈನ್ ರೈಲು ಹಿಡಿದು ಕ್ರುಂಗ್ ಥೇಪ್ ಅಪಿವತ್ (ಹಿಂದಿನ ಹೆಸರು ಬಾಂಗ್ ಸೂ) ನಿಲ್ದಾಣಕ್ಕೆ ಹೋಗಿ ಮೆಟ್ರೋ ಬದಲಿಸಬೇಕು. ದೊಡ್ಡ ಲಗೇಜ್ ಇದ್ದರೆ ನಾನಂತೂ ಸುವರ್ಣಭೂಮಿ ಎನ್ನುತ್ತೇನೆ.

ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಪ್ಲಾನ್ ಇದೆಯಾ? ಸಂಪರ್ಕ ಟಿಕೆಟ್ ಇದ್ದವರಿಗೆ ಉಚಿತ ಬಸ್ ಇದೆ. ಆದರೆ ಬ್ಯಾಂಕಾಕ್ ಟ್ರಾಫಿಕ್ ಗೊತ್ತಲ್ವಾ, ನಡುವೆ ನಾಲ್ಕೈದು ಗಂಟೆಯಾದರೂ ಇಟ್ಟುಕೊಳ್ಳಿ.