ಮುಂಬೈ ಬಳಿಯ ಡೊಂಬಿವಲಿಯ 10x12 ಅಡಿ ಕೋಣೆಗೆ ಕೆನೆ ಬಣ್ಣವೋ, ಬೂದು ಹಸಿರೋ?

ಎದುರು ಬಿಲ್ಡಿಂಗ್ ಕೈಗೆಟುಕುವಷ್ಟು ಹತ್ತಿರವಿದ್ದರೆ ಕಿಟಕಿಯಿಂದ ಬರುವುದು ಬಿಸಿಲಲ್ಲ, ಆ ಗೋಡೆಗೆ ಬಡಿದು ಬಂದ ಬೆಳಕು. ಅಂಥ ಕೋಣೆಯಲ್ಲಿ ಕೆನೆ ಬಣ್ಣವೇ ಗೆಲ್ಲುತ್ತದೆ. ಮಧ್ಯಾಹ್ನವೂ ಲೈಟು ಹಾಕುವ ಕಷ್ಟ ಕಡಿಮೆ. ಆದರೆ ರಾತ್ರಿ 3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ಬಿಳಿ-ನೀಲಿಯತ್ತ) ಹಳದಿ ಎಲ್‌ಇಡಿ ಉರಿಸಿದರೆ ಅದೇ ಗೋಡೆ ಬೆಣ್ಣೆ ಬಳಿದಂತೆ ಕಾಣುತ್ತದೆ. 4000 ಕೆಲ್ವಿನ್ ಸರಿಹೋಗುತ್ತದೆ.

ಬೂದು ಬೆರೆತ ಎಳೆ ಹಸಿರು ಶೇಡ್ ಕಾರ್ಡಿನಲ್ಲಿ ಮೋಹಕ. 6500 ಕೆಲ್ವಿನ್ ಟ್ಯೂಬ್‌ಲೈಟಿನಡಿ ಮಾತ್ರ ಆಸ್ಪತ್ರೆ ಕಾರಿಡಾರು! ಸ್ವಿಚ್‌ಬೋರ್ಡಿನ ಸುತ್ತ ಕೈಗುರುತು ಇದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ, ಮಕ್ಕಳಿರುವ ಮನೆಗೆ ಅದು ದೊಡ್ಡ ಲಾಭ. ತೊಂದರೆ ಬರುವುದು ಟಚಪ್‌ನಲ್ಲಿ. ಆರು ತಿಂಗಳ ಮೇಲೆ ಮೊಳೆ ತೂತು ಮುಚ್ಚಿ ಬ್ರಷ್ ಆಡಿಸಿದರೆ ತೇಪೆ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಇಡೀ ಗೋಡೆ ರೋಲರ್ ಹೊಡೆಯಬೇಕು.

ಬಾಗಿಲು, ಕಿಟಕಿ ಕಳೆದು ಗೋಡೆ ಸುಮಾರು 350 ಚದರ ಅಡಿ. ಎರಡು ಕೋಟ್‌ಗೆ 3 ಲೀಟರ್ ಎಮಲ್ಷನ್ (ನೀರು ಬೆರೆಸಿ ಬಳಿಯುವ ಬಣ್ಣ) ಬೇಕು, ತುಸು ಹೆಚ್ಚೇ ತನ್ನಿ. ಎಲ್ಲ ಡಬ್ಬಿಗಳನ್ನೂ ಅಂಗಡಿಯಲ್ಲಿ ಒಂದೇ ಸಲ ಮಿಕ್ಸ್ ಮಾಡಿಸಿ ದೊಡ್ಡ ಬಕೆಟ್ಟಿನಲ್ಲಿ ಬೆರೆಸಿಕೊಳ್ಳಿ.

ಮೊದಲು 2x2 ಅಡಿ ಜಾಗಕ್ಕೆ ಪ್ರೈಮರ್ (ತಳಬಣ್ಣ) ಮೇಲೆ ಎರಡು ಕೋಟ್ ಬಳಿದು, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿ. ಮಳೆಗಾಲದ ತೇವ ಗೋಡೆಯಲ್ಲಿ ಉಳಿದಿದ್ದರೆ ಎರಡೂ ಬಣ್ಣ ಗುಳ್ಳೆ ಏಳುತ್ತವೆ. ದೀಪಾವಳಿಗೆ ಮುಗಿಸುವ ಅವಸರದಲ್ಲಿ ಒದ್ದೆ ಪುಟ್ಟಿ (ಗೋಡೆ ನಯಗೊಳಿಸುವ ಲೇಪ) ಮೇಲೆಯೇ ಬಳಿಯಲು ಬಿಡಬೇಡಿ.