ನೈರೋಬಿಯಲ್ಲಿ ಎಂ-ಪೆಸಾ: ಕಟ್ಟಲು ಅಗ್ಗ, ಬಿಡಿಸಿಕೊಳ್ಳಲು ದುಬಾರಿ

ಕೆಲಸದ ಮೇಲೆ ಕೆನ್ಯಾಕ್ಕೆ ಬರುವವರು ಬಂದ ವಾರವೇ ಬ್ಯಾಂಕ್ ಖಾತೆಗಾಗಿ ಓಡಾಡುವುದುಂಟು. ಅದು ನಿಧಾನವಾಗಿ ಆದರೂ ನಡೆಯುತ್ತದೆ. ಮೊದಲು ಬೇಕಾದದ್ದು ಇಲ್ಲಿನ ಮೊಬೈಲ್ ಕಂಪನಿ ಸಫಾರಿಕಾಂನ ಸಿಮ್ ಮತ್ತು ಅದರ ಮೇಲಿನ ಎಂ-ಪೆಸಾ, ಅಂದರೆ ಫೋನಿನಲ್ಲೇ ದುಡ್ಡು ಇಟ್ಟು ಕಳಿಸುವ ಸೇವೆ. 2007ರ ಮಾರ್ಚ್‌ನಲ್ಲಿ ಶುರುವಾದ ಈ ಸೇವೆಯಲ್ಲೇ ಇಲ್ಲಿನ ಜನ ಸೊಪ್ಪಿನಿಂದ ಹಿಡಿದು ಮನೆ ಬಾಡಿಗೆವರೆಗೆ ಎಲ್ಲಕ್ಕೂ ದುಡ್ಡು ಕಟ್ಟುತ್ತಾರೆ. ನೈರೋಬಿ ನ್ಯಾಷನಲ್ ಪಾರ್ಕಿನ ಗೇಟಿನಲ್ಲಂತೂ ನಗದು ಕೊಟ್ಟರೆ ತೆಗೆದುಕೊಳ್ಳುವುದೇ ಇಲ್ಲ.

ಇದು ನಮ್ಮ ಫೋನ್‌ಪೇಯಂಥದ್ದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಫೋನ್‌ಪೇಯಲ್ಲಿ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಆಪ್ ಬರೀ ದಾರಿ. ಎಂ-ಪೆಸಾದಲ್ಲಿ ದುಡ್ಡು ನಿಮ್ಮ ಮೊಬೈಲ್ ನಂಬರಿನ ಮೇಲೆಯೇ ಕೂತಿರುತ್ತದೆ. ಸಿಮ್ ಕಳೆದರೆ ಹೊಸ ಸಿಮ್ ಸಿಗುವವರೆಗೆ ಖರ್ಚಿಗೆ ದಾರಿ ಇಲ್ಲ. ಇದೇ ಎಂ-ಪೆಸಾವನ್ನು ವೊಡಾಫೋನ್ 2013ರಲ್ಲಿ ಭಾರತಕ್ಕೂ ತಂದಿತ್ತು, 2019ರಲ್ಲಿ ಮುಚ್ಚಿತು. ಯುಪಿಐ ಬಂದ ಮೇಲೆ ನಮ್ಮಲ್ಲಿ ಅದರ ಅಗತ್ಯ ಯಾರಿಗೂ ಕಾಣಲಿಲ್ಲ. ಕೆನ್ಯಾದಲ್ಲಿ ಮಾತ್ರ ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲೂ ಓಡುವುದೇ ಇದರ ದೊಡ್ಡ ಬಲ. ಆಪ್ ಇದೆ, ಚೆನ್ನಾಗಿಯೂ ಇದೆ. ಆದರೂ *334# ಒತ್ತಿ ಮೆನುವಿನಲ್ಲಿ ದುಡ್ಡು ಕಳಿಸುವುದನ್ನು ಮೊದಲ ದಿನವೇ ಕಲಿತುಬಿಡಿ, ಡೇಟಾ ಕೈಕೊಟ್ಟಾಗ ಅದೇ ಗತಿ.

ನೋಂದಣಿಗೆ ಅಸಲಿ ಪಾಸ್‌ಪೋರ್ಟ್ ಬೇಕು. ಜೆರಾಕ್ಸ್ ಹಿಡಿದುಕೊಂಡು ಹೋಗಬೇಡಿ. ಬೀದಿಬದಿ ಏಜೆಂಟ್ ಬಳಿ ಮಾಡಿಸುವ ಬದಲು ಸಫಾರಿಕಾಂನ ಸ್ವಂತ ಅಂಗಡಿಗೇ ಹೋಗಿ. ನಮ್ಮವರ ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಬಂದಿರುತ್ತದೆ, ಕೆಲವರದರಲ್ಲಿ ಆ ಜಾಗ ಖಾಲಿ ಇರುತ್ತದೆ. ಕೌಂಟರಿನವರು ಟೈಪ್ ಮಾಡುವಾಗ ಅಕ್ಷರ ಅಕ್ಷರ ನೋಡಿಕೊಳ್ಳಿ. ಮುಂದೆ ನೀವು ದುಡ್ಡು ಕಳಿಸಿದವರಿಗೆಲ್ಲ ಕಾಣುವುದು ಇದೇ ಹೆಸರು. ತರಕಾರಿಯಮ್ಮ ನಿಮ್ಮನ್ನು ನಿಮ್ಮ ಊರಿನ ಹೆಸರಿನಿಂದ ಕರೆಯತೊಡಗಿದರೆ ಕಾರಣ ಇಲ್ಲಿದೆ.

ದುಡ್ಡು ಹಾಕುವುದಕ್ಕೆ ಶುಲ್ಕವಿಲ್ಲ. ಹಸಿರು ಬೋರ್ಡಿನ ಯಾವ ಏಜೆಂಟ್ ಬಳಿಯಾದರೂ ನಗದು ಕೊಟ್ಟು ನಂಬರ್ ಹೇಳಿ ಹಾಕಿಸಬಹುದು. ಖಾತೆಯಲ್ಲಿ 5,00,000 ಶಿಲಿಂಗ್‌ವರೆಗೆ ಇಡಬಹುದು, ಒಂದು ಸಲಕ್ಕೆ 2,50,000ವರೆಗೆ ಕಳಿಸಬಹುದು.

ಖರ್ಚೆಲ್ಲ ಇರುವುದು ಆ ದುಡ್ಡನ್ನು ನಗದಾಗಿ ಬಿಡಿಸಿಕೊಳ್ಳುವುದರಲ್ಲಿ. ಏಜೆಂಟ್ ಬಳಿ ಕನಿಷ್ಠ 50 ಶಿಲಿಂಗ್ ಬಿಡಿಸಬೇಕು. 2023ರ ದರಪಟ್ಟಿಯಂತೆ 100ರವರೆಗೆ 11 ಶಿಲಿಂಗ್, 101ರಿಂದ 2,500ರವರೆಗೆ 29. ಅಂದರೆ 200 ಬಿಡಿಸಿದರೂ 29, 2,500 ಬಿಡಿಸಿದರೂ 29. ಅದೇ 2,600 ಕೇಳಿದರೆ 52 ಹೋಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಬಿಡಿಸುವ ಅಭ್ಯಾಸ ಇಲ್ಲಿ ಶುದ್ಧ ನಷ್ಟ. ಬಿಡಿಸಲೇಬೇಕಿದ್ದರೆ ಹಂತದ ಕೊನೆಯ ಅಂಕಿಗೆ ಬಿಡಿಸಿ. ಏಜೆಂಟ್ ನಂಬರ್ ಬೋರ್ಡಿನ ಮೇಲೇ ಬರೆದಿರುತ್ತದೆ. ಅದನ್ನೂ ಮೊತ್ತವನ್ನೂ ಪಿನ್ನನ್ನೂ ನೀವೇ ನಿಮ್ಮ ಫೋನಿನಲ್ಲಿ ಒತ್ತಬೇಕು. ಇಬ್ಬರಿಗೂ ಸಂದೇಶ ಬಂದ ಮೇಲೆ ಅವರು ಪಾಸ್‌ಪೋರ್ಟ್ ನೋಡಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು, ಜಾಲರಿಯ ಕಿಂಡಿಯಿಂದ ನೋಟು ಕೊಡುತ್ತಾರೆ. ಒತ್ತುವ ಮೊದಲೇ ಅಷ್ಟು ನಗದು ಇದೆಯೇ ಎಂದು ಕೇಳಿ. ಸಂಜೆ ಹೊತ್ತಿಗೆ ಸಣ್ಣ ಅಂಗಡಿಗಳಲ್ಲಿ ನಗದು ಬರಿದಾಗಿರುವುದು ಮಾಮೂಲು. ಪಿನ್ ಮಾತ್ರ ಯಾರ ಬಳಿಯೂ ಹೇಳಬೇಡಿ, ಏಜೆಂಟ್ ಎಷ್ಟೇ ಪರಿಚಯದವನಾದರೂ.

ಕಟ್ಟುವುದಕ್ಕೆ ಮೂರು ನಾಲ್ಕು ದಾರಿಗಳಿವೆ, ಯಾವುದನ್ನು ಯಾವಾಗ ಹಿಡಿಯಬೇಕು ಎಂಬುದರಲ್ಲೇ ಎಲ್ಲ ಇದೆ. ಸೂಪರ್‌ಮಾರ್ಕೆಟ್, ಹೋಟೆಲ್, ಔಷಧಿ ಅಂಗಡಿಗಳಲ್ಲಿ ಟಿಲ್ ನಂಬರ್, ಅಂದರೆ ದುಡ್ಡು ಪಡೆಯಲು ಅಂಗಡಿಗೆ ಕೊಟ್ಟ ನಂಬರ್, ಇರುತ್ತದೆ. ಮೆನುವಿನ ಬೈ ಗೂಡ್ಸ್ ಎಂಬಲ್ಲಿ ಅದನ್ನು ಒತ್ತಿದರೆ ಗ್ರಾಹಕರಿಗೆ ಶುಲ್ಕವೇ ಇಲ್ಲ, ಇದು ಎಲ್ಲಕ್ಕಿಂತ ಒಳ್ಳೆಯ ದಾರಿ. ಕಂಪನಿ, ಶಾಲೆ, ಬಾಡಿಗೆ ಮುಂತಾದವಕ್ಕೆ ಪೇಬಿಲ್. ಇದರಲ್ಲಿ ಸಂಸ್ಥೆಯ ನಂಬರ್ ಬೇರೆ, ಅಕೌಂಟ್ ನಂಬರ್ ಬೇರೆ, ಶುಲ್ಕ ಯಾರ ತಲೆಗೆ ಎಂಬುದು ಆಯಾ ಸಂಸ್ಥೆಯ ಮೇಲೆ. ಸರ್ಕಾರಿ ಶುಲ್ಕಗಳಿಗೆ ಸರ್ಕಾರದ ಆನ್‌ಲೈನ್ ಸೇವಾ ತಾಣ ಇಸಿಟಿಜನ್‌ನ ಪೇಬಿಲ್ 222222. ಇನ್ನುಳಿದದ್ದು ಸೆಂಡ್ ಮನಿ, ಒಬ್ಬರಿಂದ ಇನ್ನೊಬ್ಬರ ನಂಬರಿಗೆ. ಅದೇ 2023ರ ದರಪಟ್ಟಿಯಂತೆ 100 ಶಿಲಿಂಗ್‌ವರೆಗೆ ಉಚಿತ, 500ರವರೆಗೆ 7, 1,000ದವರೆಗೆ 13, 1,500ರವರೆಗೆ 23, 2,500ರವರೆಗೆ 33. ಬೀದಿ ವ್ಯಾಪಾರಿಗಳಿಗೆಂದೇ ಪೋಚಿ ಲಾ ಬಿಯಾಶಾರಾ ಎಂಬುದಿದೆ. ಅದಕ್ಕೆ ಹೋದ ದುಡ್ಡನ್ನು ವ್ಯಾಪಾರಿ ಒಪ್ಪದೆ ವಾಪಸ್ ಪಡೆಯಲಾಗದು.

ಇಲ್ಲಿ ನಮ್ಮವರಿಗೆ ಗೊತ್ತೇ ಇಲ್ಲದ ಒಂದು ಮರ್ಯಾದೆ ಇದೆ. ಮನೆಕೆಲಸದವರಿಗೋ ವಾಚ್‌ಮನ್‌ಗೋ ದುಡ್ಡು ಕಳಿಸುವಾಗ ಅವರು 'ಟುಮಾ ನಾ ಯಾ ಕುಟೋವಾ' ಎನ್ನುತ್ತಾರೆ. ಬಿಡಿಸಿಕೊಳ್ಳುವ ಶುಲ್ಕವನ್ನೂ ಸೇರಿಸಿ ಕಳಿಸಿ ಎಂದು ಕೇಳುತ್ತಿದ್ದಾರೆ. ಅದು ಹೆಚ್ಚುವರಿ ಆಸೆ ಅಲ್ಲ. 2,000 ಸಂಬಳ ಕಳಿಸಿದರೆ ಬಿಡಿಸುವಾಗ ಅವರ ಕೈಯಿಂದ 29 ಹೋಗಿ, ಸಿಗುವುದು 1,971 ಮಾತ್ರ. ಆದ್ದರಿಂದ 2,030 ಕಳಿಸಿ. ನಿಮಗೆ ಕಳಿಸುವ ಶುಲ್ಕ 33 ಸೇರಿ ಒಟ್ಟು 2,063 ಆಗುತ್ತದೆ. ತಿಂಗಳ ಸಂಬಳ ಮಾತಾಡುವಾಗಲೇ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗೆಯೇ ಆಫೀಸಿನಲ್ಲಿ ಯಾರದ್ದಾದರೂ ಮನೆಯಲ್ಲಿ ಸಾವಾದರೆ ವಾಟ್ಸಾಪ್ ಗುಂಪು ಹುಟ್ಟುತ್ತದೆ. ಹಣ ಕೂಡಿಸುವವರ ಎಂ-ಪೆಸಾ ನಂಬರ್ ಬರುತ್ತದೆ, ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಎಲ್ಲರ ಕಣ್ಣೆದುರೇ ಬೆಳೆಯುತ್ತದೆ. ಮುಯ್ಯಿ ಬರೆದಿಡುವ ನಮಗೆ ಪಟ್ಟಿ ಹೊಸದಲ್ಲ, ಅದು ಎಲ್ಲರಿಗೂ ಕಾಣುವುದು ಹೊಸದು. ಕೈಲಾದಷ್ಟು ಹಾಕಿ, ಆದರೆ ಹಾಕಿ. ಇಲ್ಲಿ ಹೊರಗಿನವರು ಒಳಗಿನವರಾಗುವುದು ಇಂಥ ಕಡೆಯೇ.

ಕರೆಂಟಿನ ವಿಷಯ ಬಿಡಿಸಿ ಹೇಳಬೇಕು, ಹೊಸಬರು ಪೇಚಾಡುವುದು ಇಲ್ಲೇ. ಬಹಳಷ್ಟು ಬಾಡಿಗೆ ಮನೆಗಳಲ್ಲಿ ಮೀಟರ್ ಪ್ರಿಪೇಯ್ಡ್. ಪೇಬಿಲ್ 888880, ಅಕೌಂಟ್ ಜಾಗದಲ್ಲಿ ಮೀಟರ್ ನಂಬರ್, ಮೊತ್ತ, ಪಿನ್. ಸ್ವಲ್ಪ ಹೊತ್ತಿಗೆ 20 ಅಂಕಿಯ ಟೋಕನ್ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಅದನ್ನು ಮನೆಯೊಳಗಿನ ಕೀಪ್ಯಾಡಿನಲ್ಲಿ ಒತ್ತಬೇಕು. 888888 ಎಂಬುದು ತಿಂಗಳ ಬಿಲ್ಲಿನವರಿಗೆ. ಒಂದೇ ಅಂಕಿಯ ವ್ಯತ್ಯಾಸ, ಅದಕ್ಕೆ ಕಟ್ಟಿದರೆ ಟೋಕನ್ ಬರುವುದಿಲ್ಲ. ಮೀಟರ್ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಅದು ಬೇರೆಯವರ ಮೀಟರಿನದಾದರೆ, ಬಂದ ಟೋಕನ್ ನಿಮ್ಮ ಮನೆಯಲ್ಲಿ ಓಡದು. ಮೀಟರ್ ನಂಬರಿನ ಫೋಟೋ ಫೋನಿನಲ್ಲಿಟ್ಟುಕೊಳ್ಳಿ. ಸಂದೇಶ ತಡವಾದರೆ ಮತ್ತೆ ಕಟ್ಟಲು ಹೋಗಬೇಡಿ, *977# ಒತ್ತಿ ಟೋಕನ್ ನೋಡಬಹುದು. ಯುನಿಟ್ ಪೂರ್ತಿ ಮುಗಿದು ಮನೆ ಕತ್ತಲಾದ ಮೇಲೆ ಕೀಪ್ಯಾಡ್ ತನ್ನ ಬ್ಯಾಟರಿಯಿಂದಲೇ ಓಡಬೇಕು. ಬ್ಯಾಟರಿ ಸತ್ತಿದ್ದರೆ ಟೋಕನ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ, ಹಾಗಾಗಿ ಒಂದು ಜೊತೆ ಹೊಸ ಬ್ಯಾಟರಿ ಯಾವಾಗಲೂ ಮನೆಯಲ್ಲಿರಲಿ. 1,000 ಕಟ್ಟಿದರೆ ಅಷ್ಟೂ ಯುನಿಟ್ಟಿಗೆ ಹೋಗದು, ಇಂಧನದ ಖರ್ಚು ಮತ್ತು ತೆರಿಗೆ ಮೊದಲೇ ಕಳೆಯುತ್ತದೆ. ಲೆಕ್ಕ ಅದೇ ಸಂದೇಶದಲ್ಲಿರುತ್ತದೆ.

ತಪ್ಪು ನಂಬರಿಗೆ ಹೋದರೆ ಏನು ಗತಿ? ಮೊದಲನೆಯದಾಗಿ, ದುಡ್ಡು ಹೋಗುವ ಮುನ್ನ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಈ ಒಂದು ಸೌಲಭ್ಯಕ್ಕೇ ಎಂ-ಪೆಸಾಗೆ ಪೂರ್ತಿ ಅಂಕ ಕೊಡಬೇಕು, ಅವಸರದಲ್ಲಿ ಓದದೆ ಒತ್ತುವುದು ನಮ್ಮ ತಪ್ಪು. ಹೋಗಿಯೇಬಿಟ್ಟರೆ ದೃಢೀಕರಣದ ಸಂದೇಶವನ್ನು ತಕ್ಷಣ 456ಕ್ಕೆ ಫಾರ್ವರ್ಡ್ ಮಾಡಿ. ಆ ಕಡೆಯವರು ಅಷ್ಟರಲ್ಲಿ ಬಿಡಿಸಿಕೊಂಡಿದ್ದರೆ ಸಿಗುವುದು ಕಷ್ಟ, ನಿಮಿಷಗಳೇ ಮುಖ್ಯ. ಇದನ್ನೇ ತಿರುಗಿಸಿ ಮೋಸ ಮಾಡುವವರೂ ಇದ್ದಾರೆ. ಮಾಮೂಲಿ ಮೊಬೈಲ್ ನಂಬರಿನಿಂದ ದುಡ್ಡು ಬಂತೆಂಬ ನಕಲಿ ಸಂದೇಶ, ಹಿಂದೆಯೇ ಒಂದು ಕರೆ: ತಪ್ಪಿ ನಿಮಗೆ ಬಂದಿದೆ, ದಯವಿಟ್ಟು ವಾಪಸ್ ಹಾಕಿ. ಅಸಲಿ ಸಂದೇಶ ಎಂಪೆಸಾ ಎಂಬ ಹೆಸರಿನಿಂದಲೇ ಬರುತ್ತದೆ. ಬ್ಯಾಲೆನ್ಸ್ ನೋಡಿ. ನಿಜವಾಗಿ ಬಂದಿದ್ದರೂ ನೀವಾಗಿ ಕಳಿಸಬೇಡಿ, 456ಕ್ಕೆ ಹೇಳಲಿ ಎನ್ನಿ. ಸಫಾರಿಕಾಂನವರು ಗ್ರಾಹಕರಿಗೆ ಕರೆ ಮಾಡುವುದು 0722 000 000 ಒಂದರಿಂದಲೇ.

ಅರೆಕೊರೆಯೂ ಇದೆ. ನಮ್ಮ ಅಂಗಡಿಗಳ ಹಾಗೆ ದುಡ್ಡು ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅಂಗಡಿಯವರಿಗೆ ಸಂದೇಶ ಬರುವವರೆಗೆ ನಿಂತಿರಬೇಕು, ಮಟಾಟು ಎಂಬ ಇಲ್ಲಿನ ಖಾಸಗಿ ಮಿನಿಬಸ್ ಹತ್ತಿದಾಗ ಕಂಡಕ್ಟರಿಗೂ ಅಷ್ಟೇ. ವ್ಯವಸ್ಥೆಯ ದುರಸ್ತಿ ಹೆಚ್ಚಾಗಿ ರಾತ್ರಿ ಹೊತ್ತು ನಡೆಯುತ್ತದೆ, ಆಗ ಏನೂ ಓಡದು. ಜೇಬಿನಲ್ಲಿ 1,000 ಶಿಲಿಂಗ್ ಬಿಡಿ ನೋಟು ಇರಲಿ. ಫುಲಿಜಾ ಎಂಬ ಓವರ್‌ಡ್ರಾಫ್ಟ್ 2019ರಿಂದ ಇದೆ, ಅದಕ್ಕೆ ಸೇರಿಕೊಂಡಿದ್ದರೆ ಕೈ ಕಡಿಮೆಯಾದಾಗ ಉಳಿದದ್ದನ್ನು ತುಂಬುತ್ತದೆ. ಅದಕ್ಕೆ ಪ್ರವೇಶ ಶುಲ್ಕದ ಮೇಲೆ ದಿನದ ಶುಲ್ಕವೂ ಏರುತ್ತದೆ, ಮುಂದೆ ಯಾರೇ ದುಡ್ಡು ಹಾಕಿದರೂ ಮೊದಲು ಸಾಲಕ್ಕೆ ಕಡಿತ. ಸಂಬಳ ಬರುವವರಿಗೆ ಅದರ ಗೊಡವೆ ಬೇಡ.

ಪಾಸ್‌ಪೋರ್ಟ್ ನವೀಕರಿಸಿದರೆ ನಂಬರ್ ಬದಲಾಗುತ್ತದೆ, ಎಂ-ಪೆಸಾದಲ್ಲಿ ಹಳೆಯದೇ ಉಳಿದಿರುತ್ತದೆ. ದೊಡ್ಡ ಮೊತ್ತ ಬಿಡಿಸಲು ಹೋದ ದಿನ ಏಜೆಂಟ್ ಒಪ್ಪದಿದ್ದರೆ ತೊಂದರೆ. ಹೊಸದು ಕೈಗೆ ಬಂದ ವಾರವೇ ಹಳೆಯದನ್ನೂ ಜೊತೆಗೆ ಹಿಡಿದು ಸಫಾರಿಕಾಂ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ.