ಎಪಿಯೋ, ಅರ್ಲಿ ಕಾಲೇಜೋ?

ಅಮೆರಿಕದ ಹೈಸ್ಕೂಲಿನಲ್ಲಿದ್ದೇ ಪದವಿಗೆ ಲೆಕ್ಕವಾಗುವ ಕಾಲೇಜಿನ ಕ್ರೆಡಿಟ್ ಗಳಿಸಬೇಕೆನ್ನುವ ಹುರುಪಿನವರಿಗೆ ಎರಡು ದಾರಿಗಳಿವೆ: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ವಿಷಯ ಓದಿಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಹೈಸ್ಕೂಲಿನ ಜೊತೆಗೇ ನೇರವಾಗಿ ಕಾಲೇಜಿನ ಕೋರ್ಸ್ ಮಾಡಿಸುವ ಅರ್ಲಿ ಕಾಲೇಜು. ಎಪಿಯಲ್ಲಿ ವರ್ಷವಿಡೀ ಓದಿ ಮೇ ತಿಂಗಳಲ್ಲಿ ಪರೀಕ್ಷೆ. 5ಕ್ಕೆ ಬಂದ ಅಂಕ ನೋಡಿ ಕ್ರೆಡಿಟ್ ಕೊಡುವುದು, ಬಿಡುವುದು ಆಯಾ ಕಾಲೇಜಿನ ಮರ್ಜಿ.

ಅರ್ಲಿ ಕಾಲೇಜಿನ ಗ್ರೇಡ್ ಮಾತ್ರ ಕಾಲೇಜಿನ ಕಾಯಂ ದಾಖಲೆ. ಎಡವಿದರೂ ಅಳಿಸಲಾಗದು! ಲಾಭವೂ ದೊಡ್ಡದೇ: 2001ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಬಾರ್ಡ್ ಹೈಸ್ಕೂಲ್ ಅರ್ಲಿ ಕಾಲೇಜಿನಲ್ಲಿ ಬೋಧನಾ ಶುಲ್ಕವಿಲ್ಲದೆ 60 ಕ್ರೆಡಿಟ್‌ವರೆಗೆ, ಜೊತೆಗೆ ಅಸೋಸಿಯೇಟ್ ಪದವಿ (ಎರಡು ವರ್ಷದ ಕಾಲೇಜು ಪದವಿ). ಆದರೆ ಗ್ರೇಡ್ ಅಳಿಸಲಾಗದ್ದರಿಂದ ಶಾಲೆಯ ಆಸರೆ ಇಲ್ಲಿ ಹೆಚ್ಚು ಬೇಕು. ಪ್ರಬಂಧದ ಕರಡು ಹಿಡಿದು ಪ್ರಾಧ್ಯಾಪಕರ ಬಳಿ ಹೋಗಿ ಸಂದೇಹ ಕೇಳುವುದನ್ನು, ಸಿಲಬಸ್ ನೋಡಿ ವಾರದ ಓದನ್ನು ಹಂಚಿಕೊಳ್ಳುವುದನ್ನು ಒಂಬತ್ತನೆಯ ತರಗತಿಯಿಂದಲೇ ರೂಢಿ ಮಾಡಿಸುವ ಶಾಲೆ ಸಿಕ್ಕರೆ ನನ್ನ ಮತ ಅರ್ಲಿ ಕಾಲೇಜಿಗೆ. ಬರೀ ಹೆಸರಷ್ಟೇ ದೊಡ್ಡದಾಗಿದ್ದರೆ ಎಪಿಯೇ ವಾಸಿ.